ದುಡಿದ ಮೈಗೂ ಸಾಮು ಬೇಕು

"ಹೊಲದಲ್ಲಿ ಗೇಯೋಕಾಗಲ್ಲ, ದುಡ್ಡು ಕೊಟ್ಟು ಕಬ್ಬಿಣ ಎತ್ತೋಕೆ ಹೋಗ್ತವೆ!"

ನಮ್ಮ ರಾಮನಗರದ ಯಾವ ಅರಳಿಕಟ್ಟೆಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಆಡುವವರೆಲ್ಲ ನನ್ನ ವಾರಗೆಯವರೇ. ಆ ಮಾತಿಗೆ ಅಂಜಿ ಜಿಮ್ಮಿನ ಬೂಟನ್ನು ತರಕಾರಿ ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗುವ ಹುಡುಗಿಯರನ್ನು ಬಲ್ಲೆ. ಹಿರಿಯರಿಗೆ ಎದುರಾಡಬೇಡಿ ಎಂದು ಬುದ್ಧಿ ಹೇಳಬೇಕಾದ ವಯಸ್ಸು ನನ್ನದು. ಆದರೆ ಮಕ್ಕಳೇ, ಈ ವಿಷಯದಲ್ಲಿ ನಮ್ಮ ಹಿರಿಯರ ಲೆಕ್ಕ ತಪ್ಪು. ಗೇಯುವುದು ಬೇರೆ, ಸಾಮು ಮಾಡುವುದು ಬೇರೆ. ಆರೋಗ್ಯ ಸಹಾಯಕಿಯಾಗಿ ಈ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದವಳು ನಾನು. ಗೇದು ಗೇದು ಸವೆದ ಮೈಗಳನ್ನು ಕೈಯಾರೆ ಮುಟ್ಟಿ ನೋಡಿದ್ದೇನೆ.

ಹುಳುಮನೆಯನ್ನೇ ತೆಗೆದುಕೊಳ್ಳಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆಹುಳು ವಾರವಿಡೀ ಒಂದೇ ಸಮನೆ ಮೇಯುತ್ತದೆ. ಅದು ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಹೋಗುವುದು ಈ ಕಡೆಯ ಹಂತಕ್ಕೇ. ಆ ವಾರ ಕನಕಪುರ, ಮಾಗಡಿ ಕಡೆಯ ಮನೆಗಳಲ್ಲಿ ಹೆಂಗಸರಿಗೆ ನಿದ್ದೆ ಎಂಬುದಿಲ್ಲ. ತೋಟದಿಂದ ಕಡ್ಡಿಸೊಪ್ಪಿನ ಹೊರೆ ಹೊತ್ತು ತರಬೇಕು, ಬಗ್ಗಿ ಹರಡಬೇಕು, ಬಗ್ಗಿ ಹಿಕ್ಕೆ ತೆಗೆಯಬೇಕು, ಹುಳು ಹಣ್ಣಾದರೆ ಮತ್ತೆ ಬಗ್ಗಿಯೇ ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ನಮ್ಮತ್ತೆ ಇದನ್ನೇ ಮಾಡಿಕೊಂಡು ಬಂದವರು. ಐವತ್ತು ದಾಟುವ ಹೊತ್ತಿಗೆ ಹೊರೆ ಹೊರುವ ಕಸುವು ಕತ್ತಿನಲ್ಲಿ ಹಾಗೇ ಇತ್ತು, ಅಟ್ಟದ ಮೇಲಿನ ಪಾತ್ರೆಗೆ ಮಾತ್ರ ಕೈ ಎತ್ತಲಾಗುತ್ತಿರಲಿಲ್ಲ. ಸೋಮಾರಿತನದಿಂದ ಬಂದ ನೋವಲ್ಲ ಅದು. ಒಂದೇ ಕೆಲಸವನ್ನು ಒಂದೇ ಭಂಗಿಯಲ್ಲಿ ಮಾಡಿದ್ದರಿಂದ ಬಂದದ್ದು.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರನ್ನು ನೋಡಿದ್ದೀರಿ. ಚರಕಿಯಲ್ಲಿ ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಕೂರುತ್ತದೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ಬಂದವರ ಕಣ್ಣೆಲ್ಲ ಬಣ್ಣದ ಮೇಲೆ. ನನ್ನ ಕಣ್ಣು ಹೋಗುವುದು ದಿನವಿಡೀ ಮುಂದಕ್ಕೇ ವಾಲಿರುವ ಆ ಭುಜದ ಮೇಲೆ. ಬಿಡದಿಯ ಕಾರ್ಖಾನೆಗಳಲ್ಲಿ ಪಾಳಿಯಿಡೀ ನಿಂತು ದುಡಿಯುವವರ ಪಾಡೂ ಇದೇ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುವ ನಿಮ್ಮ ಪಾಡೂ ಇದೇ.

ದುಡಿಮೆಗೆ ಕೆಲಸ ಮುಗಿದರೆ ಸಾಕು, ಮೈ ಏನಾದರೂ ಆಗಲಿ. ಸೊಪ್ಪಿನ ಹೊರೆಯನ್ನು ನಡುದಾರಿಯಲ್ಲಿ ಇಳಿಸಿ "ಇವತ್ತಿಗೆ ಇಷ್ಟೇ" ಎನ್ನುವಂತಿಲ್ಲ, ಅಲ್ಲಿ ಹುಳು ಹಸಿದಿರುತ್ತದೆ. ಜಿಮ್ಮಿನಲ್ಲಿ ಸಾಕೆನಿಸಿದ ಕ್ಷಣ ಭಾರ ಇಳಿಸಬಹುದು, ಯಾರೂ ಕೂಲಿ ಹಿಡಿಯುವುದಿಲ್ಲ. ಜಿಮ್ಮಿನ ಸುಖ ಇರುವುದು ಈ ಸ್ವಾತಂತ್ರ್ಯದಲ್ಲೇ ಎಂದು ನನಗನ್ನಿಸುತ್ತದೆ. ನಿಮ್ಮಲ್ಲಿ ಬಹಳ ಜನ ಇದನ್ನು ಕಳೆದುಕೊಂಡು, ಅಲ್ಲೂ ಹೊರೆ ಹೊರುವವರ ಮುಖ ಹೊತ್ತು ನಿಂತಿರುತ್ತೀರಿ.

ನಾನು ಹೋಗುವುದು ನಮ್ಮೂರಿನದೇ ಒಂದು ಸಣ್ಣ ಜಿಮ್. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಲೇಡೀಸ್ ಬ್ಯಾಚ್. ಅಲ್ಲಿ ಕಲಿಸುವುದನ್ನು ಫಂಕ್ಷನಲ್ ಫಿಟ್‌ನೆಸ್ ಎನ್ನುತ್ತಾರೆ. ಕೂರುವುದು, ಏಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು. ಬಾಳಿಗೆ ಬೇಕಾದ ಚಲನೆಗಳು ಇಷ್ಟೇ, ಇವನ್ನೇ ಸರಿಯಾಗಿ, ಎರಡೂ ಮಗ್ಗುಲಿಗೆ ಸಮನಾಗಿ, ಸ್ವಲ್ಪಸ್ವಲ್ಪವೇ ಭಾರ ಏರಿಸಿಕೊಂಡು ಮಾಡಿಸುತ್ತಾರೆ.

ನನ್ನ ಕೈಗೆ ಮೊದಲು ಕೊಟ್ಟದ್ದು ಕಬ್ಬಿಣವನ್ನಲ್ಲ, ಒಂದು ಪಿವಿಸಿ ಪೈಪನ್ನು. ಅದನ್ನು ಬೆನ್ನಿನ ಉದ್ದಕ್ಕೂ ಆನಿಸಿ ಹಿಡಿಯಬೇಕು. ತಲೆಯ ಹಿಂಭಾಗ, ಹೆಗಲುಗಳ ನಡುವೆ, ಬೆನ್ನೆಲುಬಿನ ಬುಡ, ಈ ಮೂರೂ ಕಡೆ ಪೈಪು ತಾಗಿರಬೇಕು. ಮಂಡಿ ತುಸು ಸಡಿಲ ಬಿಟ್ಟು, ಹಿಂದಿನ ಗೋಡೆಗೆ ಮುಟ್ಟಿಸುವಂತೆ ಕುಂಡಿಯನ್ನು ಹಿಂದಕ್ಕೆ ಒಯ್ಯುತ್ತ ಬಗ್ಗಬೇಕು. ಮೂರರಲ್ಲಿ ಒಂದು ಕಡೆ ಪೈಪು ಮೈ ಬಿಟ್ಟರೂ ಬೆನ್ನು ಗೂನಾಗಿದೆ ಎಂದೇ ಲೆಕ್ಕ. ಸರಿಯಾಗಿ ಬಗ್ಗಿದಾಗ ತೊಡೆಯ ಹಿಂಭಾಗದಲ್ಲಿ ಒಂದು ಬಿಗಿ ಎಳೆತ ಗೊತ್ತಾಗುತ್ತದೆ, ಬೆನ್ನು ಮಾತ್ರ ಸುಮ್ಮನಿರುತ್ತದೆ. ಹುಳುಮನೆಯ ಹೆಂಗಸರು ಆಯಸ್ಸೆಲ್ಲ ಬಗ್ಗಿದ್ದು ಬೆನ್ನಿನಿಂದ, ತೊಡೆಸಂದಿನಿಂದ ಅಲ್ಲ ಎಂದು ಆಗ ಹೊಳೆಯಿತು. ಇಷ್ಟನ್ನು ಅವರಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಅಡುಗೆಮನೆಯ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಅದರ ಕಬ್ಬಿಣವೂ ಸೇರಿದರೆ 30 ಕಿಲೋ ಹತ್ತಿರ. ಅದನ್ನು ಅಲುಗಿಸುವ ಮೊದಲು ನಿಮ್ಮ ಬೆನ್ನಿಗೆ ಈ ಪಾಠ ಆಗಿರಲಿ.

ಈ ಬಾಗು ಕೈವಶವಾದ ಮೇಲೆ ಕೆಟಲ್‌ಬೆಲ್ ಹಿಡಿಯಿರಿ. ರಷ್ಯಾದ ಸಂತೆಗಳಲ್ಲಿ ಕಾಳು ತೂಗುತ್ತಿದ್ದ, ಹಿಡಿಕೆಯಿರುವ ತೂಕದ ಗುಂಡು ಇದು. ಅವರ ಹಳೆಯ ಅಳತೆಯಾದ ಪೂಡ್ 16 ಕಿಲೋಗೆ ತುಸು ಮೇಲೆ. ಇಂದಿಗೂ 16 ಕಿಲೋ ಗುಂಡು ಜಿಮ್‌ಗಳಲ್ಲಿ ಇರುವುದು ಅದೇ ಲೆಕ್ಕದಿಂದ. ನನ್ನದು 8 ಕಿಲೋದ್ದು, ನಗಬೇಡಿ. ಎರಡು ಕಾಲಿನ ನಡುವೆ ಹಿಂದಕ್ಕೆ ಹೋದ ಗುಂಡನ್ನು ಸೊಂಟದ ಒಂದೇ ನೂಕಿಗೆ ಎದೆಯ ಮಟ್ಟಕ್ಕೆ ಹಾರಿಸಬೇಕು, ತೋಳಿಗೆ ಅಲ್ಲೇನೂ ಕೆಲಸವಿಲ್ಲ. ಮೇಲೆ ಹೋದ ಗುಂಡು ಒಂದರೆಗಳಿಗೆ ತೂಕವನ್ನೇ ಕಳೆದುಕೊಂಡು ನಿಲ್ಲುತ್ತದಲ್ಲ, ಅಲ್ಲೇ ಮಜಾ ಇರುವುದು. ಅಜ್ಜಿಯರು ಜೋಕಾಲಿ ಜೀಕಿದರೆ ಊರು ನಗುತ್ತದೆ. ಜಿಮ್ಮಿನಲ್ಲಿ ಅದಕ್ಕೆ ರಶೀದಿ ಕೊಡುತ್ತಾರೆ.

ಎರಡೂ ಕೈಯಲ್ಲಿ ಭಾರ ಹಿಡಿದು ಈ ಗೋಡೆಯಿಂದ ಆ ಗೋಡೆಗೆ ನಡೆಯುವುದಕ್ಕೆ ಫಾರ್ಮರ್ಸ್ ವಾಕ್ ಎನ್ನುತ್ತಾರೆ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನ್ ಹೊತ್ತುಹಾಕಿ ಬಂದ ಹುಡುಗ ಸಂಜೆ ದುಡ್ಡು ಕೊಟ್ಟು ಇದನ್ನೇ ಮಾಡುವುದನ್ನು ಕಂಡರೆ ನನಗೂ ನಗು ತಡೆಯದು. ಆದರೂ ಅವನ ಹೆಗಲು ನೋಡಿ. ಬೆಳಿಗ್ಗೆ ಒಂದೇ ಕಡೆಗೆ ಜಗ್ಗಿಸಿಕೊಂಡು ಓಲಾಡಿದ ಮೈ ಸಂಜೆ ಎರಡೂ ಕಡೆ ಸಮತೂಕ ಹಿಡಿದು ನೆಟ್ಟಗೆ ನಡೆಯುತ್ತದೆ. ಕಟ್ಟೆಯ ಮೇಲಿನ ನನ್ನ ವಾರಗೆಯವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಇದೆಲ್ಲ ನಮ್ಮ ಗರಡಿಯಲ್ಲಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ದಂಡ, ಬಸ್ಕಿ, ಗದೆ, ಮುದ್ಗರ, ಮಟ್ಟಿಯ ಕೆಮ್ಮಣ್ಣು. ನಮ್ಮ ಮುದ್ಗರವನ್ನು ನೋಡಿ ಬ್ರಿಟಿಷ್ ಸಿಪಾಯಿಗಳು ಕಲಿತರು, ಅವರಿಂದ ಅದು ಯುರೋಪು, ಅಮೆರಿಕ ಸುತ್ತಿತು, 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಕ್ಲಬ್ ಬೀಸುವುದು ಒಂದು ಸ್ಪರ್ಧೆಯೂ ಆಗಿತ್ತು. ಚನ್ನಪಟ್ಟಣಕ್ಕಂತೂ ಜಟ್ಟಿಗಳ ಊರೆಂಬ ಹೆಸರೇ ಇದೆ. ವಿಜಯದಶಮಿಯ ದಿನ ಜಂಬೂಸವಾರಿಗೆ ಮುನ್ನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರದವರ ಜೊತೆ ನಮ್ಮ ಚನ್ನಪಟ್ಟಣದ ಜಟ್ಟಿಯೂ ಇಳಿಯುತ್ತಾರೆ. ತಲೆ ಬೋಳಿಸಿ, ಬೆರಳಿಗೆ ವಜ್ರಮುಷ್ಟಿ ತೊಟ್ಟು ನಿಂತರೆ, ಒಬ್ಬರ ನೆತ್ತಿಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಎಷ್ಟೋ ಸಲ ಅದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಅಷ್ಟಕ್ಕಾಗಿ ತಿಂಗಳುಗಟ್ಟಲೆ ಸಾಮು. ರಕ್ತ ಕಾಣುವ ಆಟ ನನಗೆ ಹಿಡಿಸದು. ಆ ಸಾಮಿನ ಶಿಸ್ತಿಗೆ ಮಾತ್ರ ಕೈ ಮುಗಿಯುತ್ತೇನೆ. ಉಳುಕು ತೆಗೆಯುವುದರಲ್ಲಿ, ತಪ್ಪಿದ ಕೀಲು ಕೂರಿಸುವುದರಲ್ಲಿ ಜಟ್ಟಿಗಳದು ಪಳಗಿದ ಕೈ. ಮೈ ಮುರಿಯುವುದನ್ನು ಬಲ್ಲವರು ಮೈ ಕೂಡಿಸುವುದನ್ನೂ ಬಲ್ಲವರಾಗಿದ್ದರು.

ಆದರೆ "ಎಲ್ಲ ನಮ್ಮಲ್ಲೇ ಇತ್ತು" ಎಂದು ಎದೆ ತಟ್ಟಿಕೊಳ್ಳುವ ಮೊದಲು ಒಂದು ಮಾತು. ಗರಡಿಯ ಹೊಸ್ತಿಲನ್ನು ನಾವು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. ನಾನು ಹುಡುಗಿಯಾಗಿದ್ದಾಗ ಅದರ ಕಿಟಕಿಯಲ್ಲಿ ಇಣುಕಿದರೂ ಬೈಗುಳ. ಇವತ್ತು ಅದೇ ಊರಿನ ಜಿಮ್ಮಿನಲ್ಲಿ ಸೊಸೆ ಗಂಡನಿಗಿಂತ ಹೆಚ್ಚು ಭಾರ ಎತ್ತಿದ್ದಕ್ಕೆ ಅತ್ತೆ ಚಪ್ಪಾಳೆ ತಟ್ಟುತ್ತಾಳೆ. ನನಗೆ ಗರಡಿಯ ಮೇಲೆ ಗೌರವವಿದೆ, ಪ್ರೀತಿ ಇರುವುದು ಜಿಮ್ಮಿನ ಮೇಲೆ.

ಓದುವ ಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವ ಅಪ್ಪಂದಿರಿಗೆ ಕೆ.ವಿ. ಅಯ್ಯರ್ ಹೆಸರು ಹೇಳಿ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ ಅಂಚೆಯ ಮೂಲಕವೂ ಸಾಮು ಕಲಿಸಿದವರು ಅವರು. 'ಶಾಂತಲಾ', 'ರೂಪದರ್ಶಿ' ಬರೆದದ್ದೂ ಅದೇ ಕೈ.

ಈಗ ಭಯದ ಮಾತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋದಾಗ ನಮ್ಮ ಕಡೆಯ ತಾಯಂದಿರು ಮಕ್ಕಳ ಜಿಮ್ ಬಿಡಿಸಿದರು, ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಆ ತಾಯಂದಿರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಜಿಮ್ ಬಿಟ್ಟು ಮನೆಯಲ್ಲಿ ಕೂತರೆ ಹೃದಯಕ್ಕೆ ಉಪಕಾರವೇನೂ ಆಗದು. ಮನೆತನದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದಿದ್ದರೆ, ಬಿಪಿ, ಸಕ್ಕರೆ ಇದ್ದರೆ, ಬೀಡಿ ಸಿಗರೇಟಿನ ಚಟವಿದ್ದರೆ, ಡಾಕ್ಟರಿಗೆ ತೋರಿಸಿಯೇ ಶುರುಮಾಡಿ. ಎದೆ ಹಿಡಿದಂತಾಗುವುದು, ಎಡತೋಳಿಗೋ ದವಡೆಗೋ ನೋವು ಹಬ್ಬುವುದು, ತಣ್ಣನೆ ಬೆವರು, ತಲೆ ತಿರುಗುವುದು, ಇವುಗಳಲ್ಲಿ ಒಂದು ಕಂಡರೂ ಭಾರ ಇಳಿಸಿ ನೇರ ಆಸ್ಪತ್ರೆಗೆ ಹೋಗಿ. ಗ್ಯಾಸ್ಟ್ರಿಕ್ ಇರಬೇಕು ಎಂದು ಸೋಡಾ ಕುಡಿದು ಮಲಗಿದವರ ಮನೆಗಳಿಗೆ ಮರುದಿನ ಹೋಗಿ ಬಂದವಳು ನಾನು. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿಸುವ ಸರ್ಕಾರದ ಹೃದಯ ಜ್ಯೋತಿ ಯೋಜನೆಗೆ ಪುನೀತ್ ಹೆಸರನ್ನೇ ಇಟ್ಟಿದ್ದಾರೆ, ಅದನ್ನು ಬಳಸಿಕೊಳ್ಳಿ.

ಎದೆ, ತೋಳು, ಕನ್ನಡಿ, ಸೆಲ್ಫಿ. ಇಷ್ಟಕ್ಕೇ ನಿಂತ ಹುಡುಗರ ಬಗ್ಗೆ ಹೆಚ್ಚು ಹೇಳಲಾರೆ. ಆ ಹುಚ್ಚು ಕಾಲಿನ ಕಡೆಗೂ ಇಳಿದರೆ ಒಳ್ಳೆಯದು. ಎತ್ತುವುದನ್ನು ದಿನಾ ಮಾಡಬೇಕಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇನ್ನೂ ಎರಡು ಸಲ ಎತ್ತಬಲ್ಲೆ ಎನ್ನುವಾಗಲೇ ನಿಲ್ಲಿಸಿ, ಆ ಉಳಿಕೆಯೇ ನಾಳೆ ನಿಮ್ಮನ್ನು ಮತ್ತೆ ಕರೆದುಕೊಂಡು ಬರುತ್ತದೆ. ಹೊಸದರಲ್ಲಿ ಒಂದೆರಡು ದಿನ ತೊಡೆ ಕುಯ್‌ಗುಟ್ಟುವುದು ಸಹಜ, ಮೆಟ್ಟಿಲು ಇಳಿಯುವಾಗ ನಗುತ್ತಲೇ ಅಳುತ್ತೀರಿ. ಕೀಲಿನಲ್ಲಿ ಚುಚ್ಚಿದಂತಾದರೆ ಅದು ಬೇರೆ, ಆ ದಿನ ಸುಮ್ಮನಿರಿ.

ಪುಡಿ ಡಬ್ಬಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ತಟ್ಟೆ ನೋಡಿಕೊಳ್ಳಿ. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಎಂಬುದು ಐಸಿಎಂಆರ್ ಲೆಕ್ಕ. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ, ಭಾರ ಎತ್ತುವವರಿಗೆ ಇನ್ನಷ್ಟು ಬೇಕು. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ರಾಗಿಯಲ್ಲಿ 7, ಒಂದು ಮೊಟ್ಟೆಯಲ್ಲಿ 6. ನಮ್ಮ ಕಡೆ ಒಂದು ಕೆಟ್ಟ ಚಾಳಿ ಇದೆ: ಬಸ್ಸಾರು ಸುರಿದುಕೊಂಡು ಮುದ್ದೆ ನುಂಗಿ, ಬಸಿದ ಕಾಳಿನ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುವುದು. ಅಲ್ಲಿ ತಳ್ಳಿದ್ದೇ ಪ್ರೋಟೀನ್. ಇನ್ನು ಬೇಗ ಮೈ ಬರುತ್ತದೆ ಎಂದು ಯಾರಾದರೂ ಚುಚ್ಚುಮದ್ದು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಸ್ಟೀರಾಯ್ಡ್ ಲಿವರ್ ಮತ್ತು ಹೃದಯ ಎರಡನ್ನೂ ತಿನ್ನುತ್ತದೆ.

ಬಂದ ಕಸುವನ್ನು ನಾಲ್ಕು ಗೋಡೆಯೊಳಗೇ ಇಟ್ಟುಕೊಳ್ಳಬೇಡಿ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು, ಬೆಟ್ಟಗಳಂತೂ ಇದ್ದಲ್ಲೇ ಇವೆ. ರಾಮದೇವರ ಬೆಟ್ಟದ ಮೆಟ್ಟಿಲಿನಿಂದ ಶುರುಮಾಡಿ. ಗಬ್ಬರ್ ಸಿಂಗ್‌ನ ಬಂಡೆ ನೋಡಲು ಬರುವವರು ಅರ್ಧಕ್ಕೇ ಕೂತುಬಿಡುತ್ತಾರೆ, ಅವರನ್ನು ದಾಟಿ ಹೋಗುವುದರಲ್ಲೂ ಒಂದು ಖುಷಿ ಇದೆ. ರಣಹದ್ದುಗಳ ಅಭಯಾರಣ್ಯ ಅದು, ಕಿರುಚಾಡಬೇಡಿ. ಆಮೇಲೆ ಅರಣ್ಯ ಇಲಾಖೆಯ ಟಿಕೆಟ್ ಪಡೆದು ಮಾಗಡಿಯ ಸಾವನದುರ್ಗಕ್ಕೆ ಹೋಗಿ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಆ ಬೋಳು ಬಂಡೆಯನ್ನು ಹತ್ತುವಾಗ ನಿಮ್ಮ ಉಸಿರಿನ ಪರೀಕ್ಷೆ, ಇಳಿಯುವಾಗ ತೊಡೆಯ ಪರೀಕ್ಷೆ. ಭಾರವನ್ನು ತಡೆಹಿಡಿದು ಇಳಿಸುವಾಗಲೇ ಸ್ನಾಯು ಹೆಚ್ಚು ನಲುಗುವುದು. ಸ್ಕ್ವಾಟ್‌ನಲ್ಲಿ ಮೆಲ್ಲಗೆ ಇಳಿಯಿರಿ ಎಂದು ಕೋಚ್ ಕೂಗುತ್ತಿದ್ದದ್ದು ಯಾಕೆಂದು ಅಲ್ಲಿ ತಿಳಿಯುತ್ತದೆ. ಮಳೆ ಬಿದ್ದಿದ್ದರೆ ಮಾತ್ರ ಹೋಗಬೇಡಿ, ಆ ಬಂಡೆ ಜಾರುತ್ತದೆ.

ಇನ್ನೊಂದು ಕೆಲಸ ನಿಮ್ಮಿಂದ ಆಗಬೇಕು. ನಿಮ್ಮಮ್ಮನನ್ನು ಜಿಮ್ಮಿಗೆ ಕರೆತನ್ನಿ. 65 ದಾಟಿದ ಅಜ್ಜಿ ಇದ್ದರೆ ಅವರನ್ನೂ. ಆ ವಯಸ್ಸಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸ ಬೇಕು, ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವರನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಹುಳು ಹಣ್ಣಾಗುವ ವಾರ ಬಿಟ್ಟುಬಿಡಿ, ಆಗ ಅವರು ಬರುವುದಿಲ್ಲ. ಗೂಡು ಮಾರ್ಕೆಟ್‌ಗೆ ಹೋಗಿ ದುಡ್ಡು ಕೈಗೆ ಬಂದ ಮರುದಿನ ಕೇಳಿ. "ಈ ವಯಸ್ಸಲ್ಲಿ ನಂಗ್ಯಾಕಪ್ಪ" ಎನ್ನುತ್ತಾರೆ, ಅನ್ನಲಿ. ಮೊದಲ ದಿನ ಸೀರೆಯಲ್ಲೇ ಬಂದು ಮೂಲೆಯಲ್ಲಿ ಕೂತು ನೋಡಲಿ. ಹದಿನೈದು ದಿನ ಕಳೆಯುವುದರೊಳಗೆ ಚೂಡಿದಾರಕ್ಕೆ ಅಳತೆ ಕೊಡಲು ತಾವೇ ಟೈಲರ್ ಅಂಗಡಿಗೆ ಹೋಗಿರುತ್ತಾರೆ, ನನ್ನ ಬ್ಯಾಚಿನಲ್ಲಿ ಆಗಿರುವುದೇ ಹಾಗೆ.