ಪಂಪು ಬಿಚ್ಚೋ ಮುಂಚೆ ಡೀಸೆಲ್ ನೋಡಿ

ವಸಂತಪುರದಲ್ಲಿ ಹೊಲಗಳಿದ್ದ ಕಡೆ ಈಗ ಲೇಔಟ್‌ಗಳಿವೆ. ಹಳೇ ಟ್ರ್ಯಾಕ್ಟರ್‌ಗಳು ಮಾತ್ರ ಇನ್ನೂ ದುಡೀತಿವೆ: ಊರೊಳಗೆ ನೀರಿನ ಟ್ಯಾಂಕರ್ ಎಳೆಯೋಕೆ, ಕಗ್ಗಲೀಪುರದ ಕಡೆ ಉಳುಮೆಗೆ. ಇಂಥ ಗಾಡಿ ಲೋಡ್ ಬಿದ್ದಾಗ ಎಳೀದೆ ನಿಂತರೆ ಮೊದಲು ಕೇಳಿಬರೋ ಮಾತು, "ಪಂಪು ಹೋಗಿದೆ, ಬಿಚ್ಬೇಕು." ಬಿಚ್ಚಿದರೆ ಸಾವಿರಗಟ್ಟಲೆ ಖರ್ಚು, ಕೆಲಸವೂ ನಿಲ್ಲುತ್ತೆ. ಆದರೆ ಬಹಳ ಸಲ ಪಂಪು ಚೆನ್ನಾಗೇ ಇರುತ್ತೆ. ತೊಂದರೆ ಇರೋದು ನೀರು, ಕಸ ಇಲ್ಲವೇ ಗಾಳಿಯಿಂದ.

ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಸಿಗೋದು ಮೈಕೋ ಪಂಪು. 1951ರಲ್ಲಿ ಶುರುವಾದ ಆ ಕಂಪನಿಯ ಕಾರ್ಖಾನೆ ನಮ್ಮ ಆಡುಗೋಡಿಯಲ್ಲೇ ಇತ್ತು. 2008ರಲ್ಲಿ ಹೆಸರು ಬಾಷ್ ಅಂತಾಯಿತು, ರೈತರ ಬಾಯಲ್ಲಿ ಇನ್ನೂ ಮೈಕೋನೇ. ಆ ಪಂಪಿನ ಪ್ಲಂಜರ್‌ಗೂ ಬ್ಯಾರೆಲ್‌ಗೂ ನಡುವೆ ಇರೋ ಸಂದು ಕೆಲವೇ ಮೈಕ್ರಾನ್. ತಲೆಗೂದಲು ಅದರ ಹತ್ತು ಪಟ್ಟಿಗಿಂತ ದಪ್ಪ. ಅಲ್ಲಿ ಜಾರಿಕೆಗೆ ಡೀಸೆಲ್ಲೇ ಎಣ್ಣೆ. ನೀರು ಸೇರಿದರೆ ತುಕ್ಕು, ಧೂಳು ಸೇರಿದರೆ ಗೀರು.

ನೀರು ಬರೋದು ಎಲ್ಲಿಂದ? ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಹನಿ ಕಟ್ಟುತ್ತೆ. ಅದಕ್ಕೇ ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ತುಂಬಿಸಿ, ಬೆಳಿಗ್ಗೆ ಅಲ್ಲ. ಡ್ರಮ್ಮಿನಲ್ಲಿ ತಂದ ಡೀಸೆಲ್ ಒಂದು ದಿನ ಅಲ್ಲಾಡದೆ ನಿಲ್ಲಲಿ. ತಳದ ನಾಲ್ಕು ಬೆರಳಿನಷ್ಟು ಹೀರಬೇಡಿ. ಜಿಂಕ್ ಲೇಪದ ತಗಡಿನ ಡಬ್ಬ ಡೀಸೆಲ್‌ಗೆ ಬೇಡ, ಜಿಂಕ್ ಡೀಸೆಲ್ ಜೊತೆ ಸೇರಿ ಗಸಿ ಮಾಡುತ್ತೆ.

ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಫಿಲ್ಟರ್ ಬಟ್ಟಲಿನ ಕೆಳಗಿನ ಡ್ರೈನ್ ಬೋಲ್ಟ್ ಸಡಿಲಿಸಿ ಸ್ವಲ್ಪ ಡೀಸೆಲ್ ಗಾಜಿನ ಲೋಟಕ್ಕೆ ಹಿಡೀರಿ. ತಳದಲ್ಲಿ ಬೇರೆ ಗೆರೆಯಾಗಿ ನಿಂತರೆ ಅದು ನೀರು. ಶುದ್ಧ ಡೀಸೆಲ್ ಬರೋವರೆಗೂ ಬಿಡಿ.

ಎರಡು ಫಿಲ್ಟರ್ ಇರೋ ಗಾಡಿಗಳಲ್ಲಿ ಮೊದಲನೇದು ಹೆಚ್ಚಾಗಿ ಬಟ್ಟೆಯದು, ಎರಡನೇದು ಕಾಗದದ್ದು. ಕಾಗದದ್ದನ್ನು ತೊಳೆದು ಹಾಕೋರಿದ್ದಾರೆ. ಉಳಿಯೋದು ನೂರೋ ಇನ್ನೂರೋ, ಕೊರೆಯೋದು ಪಂಪನ್ನೇ. ಬದಲಿಸೋ ಗಂಟೆ ಲೆಕ್ಕ ಕೈಪಿಡಿಯಲ್ಲಿದೆ. ಅವರ್ ಮೀಟರಿನ ಫೋಟೋ ಮೊಬೈಲಲ್ಲಿಟ್ಟರೆ ಮರೆಯೋಲ್ಲ. ಬಿಚ್ಚೋ ಮುಂಚೆ ಪೈಪುಗಳ ಫೋಟೋನೂ ತೆಗೀರಿ. ಹಳೇ ತಾಮ್ರದ ವಾಷರ್ ಮತ್ತೆ ಹಾಕಬೇಡಿ, ಗಾಳಿ ಎಳೆಯೋದು ಅಲ್ಲೇ.

ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯಲೇಬೇಕು. ಟ್ಯಾಂಕಿನ ಕಡೆಯಿಂದ ಹೋಗಿ: ಮೊದಲನೇ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತುತ್ತಿರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ಪಂಪಿನ ಸ್ಕ್ರೂ. ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಟ್ಯಾಂಕಿನಿಂದ ಬರೋ ರಬ್ಬರ್ ಪೈಪ್ ಸೀಳಿದೆಯಾ ನೋಡಿ.

ಇಷ್ಟಾದರೂ ಎಳೀದಿದ್ದರೆ ನಾಝಲ್‌ಗಳನ್ನು ಟೆಸ್ಟ್ ಬೆಂಚ್ ಇರೋ ಕಡೆ ಕೊಡಿ. ಮನೇಲಿ ಹೊರಗೆ ತೆಗೆದು ಸೆಲ್ಫ್ ಹೊಡೆದು ಸ್ಪ್ರೇ ನೋಡೋಕೆ ಹೋಗಬೇಡಿ, ಕೈ ಅಡ್ಡ ಇಡಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ನೋವೂ ಮೊದಲು ಅಷ್ಟಿರೋಲ್ಲ. ಆದರೆ ಬೆರಳೇ ಹೋಗಬಹುದು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಿ.