ಟೀವಿ ಮುಂದೆ ಕೂತ ಮಕ್ಕಳ ಜೊತೆ ಮಾತಾಡಿ

ರಾಯಚೂರು, ದೇವದುರ್ಗ, ಮಾನ್ವಿಯ ಅಪ್ಪ-ಅವ್ವಂದಿರೇ, ರಾತ್ರಿ ಮಕ್ಕಳ ಜೊತೆ ರಿಯಾಲಿಟಿ ಶೋ ನೋಡುವಾಗ ಬಾಯಿ ಮುಚ್ಚಿ ಕೂಡಬೇಡಿ.

2010ರಲ್ಲಿ ಸುವರ್ಣ ವಾಹಿನಿಯಲ್ಲಿ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಬಂತು. ಅಕುಲ್ ಬಾಲಾಜಿ ನಿರೂಪಕರು. ಪೇಟೆಯಲ್ಲಿ ಮುದ್ದಿನಿಂದ ಬೆಳೆದ ಹುಡುಗಿಯರಿಗೆ ಹಳ್ಳಿಯ ಮನೆಗೆಲಸ, ಹೊಲದ ಕೆಲಸವೇ ಸ್ಪರ್ಧೆ. ಅವರ ಅಳು, ಜಗಳ, ಹಟ ನೋಡುವವರಿಗೆ ಮನರಂಜನೆ. ಅಂಥದ್ದೇ ಕೆಲಸವನ್ನು ದೇವದುರ್ಗದ ಕಡೆಯ ಎಷ್ಟೋ ಹುಡುಗಿಯರು ಶಾಲೆಯ ಗಂಟೆ ಹೊಡೆಯುವ ಮುಂಚೆ ಮುಗಿಸಿರುತ್ತಾರೆ. ಹತ್ತಿ ಬಿಡಿಸುವ ಕಾಲ ಬಂದರೆ ಕೆಲವರಿಗೆ ಶಾಲೆಯೇ ತಪ್ಪುತ್ತದೆ. ಅವರತ್ತ ಯಾವ ಕ್ಯಾಮೆರಾನೂ ತಿರುಗುವುದಿಲ್ಲ. ನನಗೆ ನೋವಾಗುವುದು ಇಲ್ಲೇ.

ಸಂಕಲನದ ಗುಟ್ಟನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಬಿಗ್ ಬಾಸ್ ಮನೆಯಲ್ಲಿ ಹಗಲು-ರಾತ್ರಿ ಕ್ಯಾಮೆರಾ ಓಡುತ್ತದೆ. ನಾವು ನೋಡುವುದು ತಾಸು, ಒಂದೂವರೆ ತಾಸು. ಕೂಗಾಟ ಉಳಿಯುತ್ತದೆ, ಸುಮ್ಮನೆ ಅಡುಗೆ ಮಾಡಿದ ಹೊತ್ತು ಕತ್ತರಿಗೆ ಹೋಗುತ್ತದೆ. ಆದರೂ 2025ರ ಜನವರಿಯಲ್ಲಿ ಕನ್ನಡ ಬಿಗ್ ಬಾಸ್‌ನಲ್ಲಿ ಜನ ಗೆಲ್ಲಿಸಿದ್ದು ಹಾವೇರಿ ಜಿಲ್ಲೆಯ ಕುರಿಗಾಹಿ ಹಾಡುಗಾರ ಹನುಮಂತನನ್ನು. ಇದನ್ನೂ ಮಕ್ಕಳಿಗೆ ನೆನಪಿಸಿ.

ಇನ್ನು ಊರಿನ ಉಳ್ಳವರಿಗೆ ಒಂದು ಮಾತು: ಆ ಶೋದ ಹುಡುಗಿಯರಂತೆ ನಿಮ್ಮ ಮಕ್ಕಳೂ ಬರೀ ಮುದ್ದಿನಲ್ಲೇ ಬೆಳೆಯುವುದು ಬೇಡ. ಹತ್ತನೇ ತರಗತಿಯ ಮಗ ಊಟ ಬಿಟ್ಟು ಹಟ ಹಿಡಿದರೂ ಬೈಕಿನ ಕೀಲಿ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಇದೆ. ಅದರ ಬದಲು ಭಾನುವಾರ ಅವನನ್ನು ನಿಮ್ಮ ಗದ್ದೆಗೆ ಕರೆದೊಯ್ಯಿರಿ. ಕೂಲಿಯವರ ಬಟವಾಡೆ ಅವನ ಕೈಯಿಂದಲೇ ಆಗಲಿ, ಒಬ್ಬೊಬ್ಬರ ಹೆಸರು ಕೇಳಿ, ಅಕ್ಕಾ, ಅಣ್ಣಾ ಎಂದು ಕರೆದು ಕೊಡಲಿ.