ಪ್ರಭಾರ ಹೊತ್ತ ಮಗಳಿಗೆ

ಕಳ್ಳಕವಟಗಿ



ಶಾಲೆಯ ಮುಖ್ಯಗುರುಗಳ ಪ್ರಭಾರ ನಿನ್ನ ಕೊರಳಿಗೆ ಬಿತ್ತು ಅಂತ ನಿಮ್ಮಪ್ಪ ಹೇಳಿದ. ಹಿರಿಯರು ಒಲ್ಲೆ ಅಂದ ಮೇಲೆ ಕಿರಿಯರ ಪಾಲಿಗೆ ಬರುವ ಕುರ್ಚಿ ಅದು. ಆದರೂ ಸಂತೋಷವಾಯಿತು. "ವರ್ಗಾವಣೆ ಬಂದ್ರ ನಮ್ಮ ಸಾಲಿ ಖಾಲಿ ಆಗ್ತದ, ಏನ ಮಾಡ್ಲಿ, ಕಾಕಾನ್ನ ಕೇಳು" ಅಂದಿಯಂತೆ.

ಗುರುಗಳು ಬಿಟ್ಟು ಹೋದರೆ ಬಸ್ಸಿನ ಮೇಲೆ, ವರ್ಗಾವಣೆಯ ವಲಯದ ಮೇಲೆ ತಪ್ಪು ಹೊರಿಸುವುದು ಸುಲಭ. ಮಹಾರಾಷ್ಟ್ರದ ಜತ್ತದ ಕಡೆಯ ಗಡಿಗೆ ಹತ್ತಿರದ ನಮ್ಮಂಥ ಹಳ್ಳಿಗಳಿಗೆ ಬಹಳಷ್ಟು ಗುರುಗಳು ವಿಜಯಪುರದಲ್ಲಿ ಮನೆ ಮಾಡಿ, ತಿಕೋಟಾ ದಾಟಿ ದಿನಾ ಬರುತ್ತಾರೆ. ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂತು, 2020ರಲ್ಲಿ ಹೊಸದು ಬಂತು. ಯಾರು ಹೋಗಬಹುದು ಅಂತ ಕಾಯ್ದೆ ಹೇಳುತ್ತದೆ. ಹೋಗಿಯೇ ತೀರಬೇಕು ಅನ್ನುವ ಹಟ ಹುಟ್ಟುವುದು ಮುಖ್ಯಗುರುಗಳ ಕೋಣೆಯಲ್ಲಿ.

ಒಂದು ಶಾಲೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಊರ ಹೆಸರು ಬೇಡ. ಅಲ್ಲಿದ್ದ ಮುಖ್ಯಗುರುಗಳು ಬುದ್ಧಿವಂತರು, ದಾಖಲೆಗಳಲ್ಲಿ ಒಂದು ಕಾಟು ಇರುತ್ತಿರಲಿಲ್ಲ. ಬಸ್ಸು ತಡವಾಗಿ ಬಂದವರನ್ನು ಪ್ರಾರ್ಥನೆಯ ಸಾಲಿನಲ್ಲಿ, ಮಕ್ಕಳೆದುರೇ ಬೈಯುತ್ತಿದ್ದರು. ಸಿ.ಎಲ್. ರಜೆ ಕೇಳಿದ ಬಾಯೋರಿಂದ ಮನೆಯ ಕಥೆಯೆಲ್ಲ ಹೊರಡಿಸಿಯೇ ಸಹಿ ಹಾಕುವರು. ವರ್ಗಾವಣೆಯ ಕೌನ್ಸೆಲಿಂಗ್ ಬಂದಾಗ ಅರ್ಹತೆ ಇದ್ದವರೆಲ್ಲ ಅರ್ಜಿ ಹಾಕಿದರು. ಕೆಲವರು ಇನ್ನೂ ದೂರದ ಹಳ್ಳಿ ಆರಿಸಿಕೊಂಡು ಹೋದರು, ನೋಡು!

ಅವರ ನಂತರ ಬಂದವರಿಗೂ ಅದೇ ಬಸ್ಸು, ಅದೇ ರಸ್ತೆ. ಬಸ್ಸು ತಪ್ಪಿದ ದಿನ ತಾವೇ ಮೊದಲನೆಯ ಪೀರಿಯಡ್ ತೆಗೆದುಕೊಳ್ಳುವರು, ಮಾತಿದ್ದರೆ ಸಂಜೆ, ಕೋಣೆಯಲ್ಲಿ, ಒಬ್ಬರಿಗೇ. ಒಮ್ಮೆ ಊರಿನ ಹಿರಿಯನೊಬ್ಬ ವರ್ಗದ ಬಾಗಿಲಲ್ಲಿ ನಿಂತು ಬಾಯೋರ ಮೇಲೆ ಕೂಗಾಡತೊಡಗಿದ. ಇವರು ಹೊರಗೆ ಬಂದು, "ಯಜಮಾನ್ರ, ಮಾತು ನನ್ನ ಜೋಡಿ ಆಡ್ರಿ, ಅವರು ಪಾಠ ಮಾಡಾಕತ್ತಾರ" ಅಂದರು. ಅಷ್ಟೇ. ಆ ಬಾಯೋರು ಆಮೇಲೆ ಎರಡು ಸಲ ಅವಕಾಶ ಬಂದರೂ ಅರ್ಜಿ ಹಾಕಲಿಲ್ಲ.

ಇದು ನಮ್ಮ ಕಡೆಯ ಮಾತಷ್ಟೇ ಅಲ್ಲ. 2001ರಲ್ಲಿ ಅಮೆರಿಕದ ರಿಚರ್ಡ್ ಇಂಗರ್ಸಾಲ್ ಎಂಬ ವಿದ್ವಾಂಸರು, ಶಿಕ್ಷಕರು ಶಾಲೆ ಬಿಡುವ ಕಾರಣಗಳನ್ನು ಅಲ್ಲಿನ ದೊಡ್ಡ ಸಮೀಕ್ಷೆಯೊಂದರಿಂದ ಹೆಕ್ಕಿದರು. ಕಡಿಮೆ ಸಂಬಳ, ಮಕ್ಕಳ ಅಶಿಸ್ತಿನ ಜೊತೆಗೆ, ಆಡಳಿತದ ಬೆಂಬಲ ಸಿಗದಿರುವುದು, ತೀರ್ಮಾನಗಳಲ್ಲಿ ತಮ್ಮ ಮಾತಿಗೆ ಜಾಗವಿಲ್ಲದಿರುವುದೂ ಕಾರಣ ಅಂತ ಕಂಡಿತು. ನಮ್ಮ ಭಾಗದಲ್ಲಿ ಇದರ ಇನ್ನೊಂದು ಮಗ್ಗುಲು ನೋಡು. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ತರುಣ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿ, ಆಜೀವ ಸದಸ್ಯರಾಗಿ ಅದಕ್ಕೇ ದುಡಿದರು. ಶಾಲೆ ತಮ್ಮದು, ಅದರ ತೀರ್ಮಾನವೂ ತಮ್ಮದು. ಬಿಟ್ಟು ಹೋಗುವ ಮಾತೆಲ್ಲಿ? ಸರ್ಕಾರಿ ಶಾಲೆಯನ್ನು ನೀನು ಯಾರ ಹೆಸರಿಗೂ ಬರೆದುಕೊಡಲಾರೆ. ಆದರೆ ವೇಳಾಪಟ್ಟಿ ಗೋಡೆಗೆ ಅಂಟಿಸುವ ಮೊದಲು ಎಲ್ಲರನ್ನೂ ಕೂರಿಸಿ ಕೇಳಬಲ್ಲೆ. ಬಿಸಿಯೂಟದ ಲೆಕ್ಕ, ಗಣತಿ, ಆನ್‌ಲೈನ್ ನಮೂದು ಎಲ್ಲವೂ ಕಂಪ್ಯೂಟರ್ ಬಲ್ಲ ಒಬ್ಬನ ತಲೆಗೇ ಕಟ್ಟದಂತೆ ನೋಡಬಲ್ಲೆ. ಚಲೋ ಕೆಲಸ ಮಾಡುವವರಿಗೇ ಹೆಚ್ಚು ಕೆಲಸ ಹೇರುವ ಚಟ ನಮ್ಮ ಇಲಾಖೆಗೆ ಹಳೆಯದು.

ಹಾಗಂತ ಮೆತ್ತಗಾಗಬೇಡ ಯವ್ವಾ. ಸಹಿ ಹಾಕಿ ಮಾಯವಾಗುವ ಒಬ್ಬನನ್ನು ನೀನು ಸಹಿಸಿದರೆ, ಅವನ ವರ್ಗವನ್ನೂ ನೋಡಿಕೊಳ್ಳುವವಳು ಬೇಸತ್ತು ಮೊದಲು ಹೋಗುತ್ತಾಳೆ. ಅವನು ಮಾತ್ರ ಅಲ್ಲೇ ಇರುತ್ತಾನೆ. ಅವನಿಗೆ ನೋಟಿಸು ಕೊಡುವುದೂ ಉಳಿದವರಿಗೆ ತೋರುವ ಗೌರವವೇ.

ಅತಿಥಿ ಶಿಕ್ಷಕರನ್ನು ಮರೆಯಬೇಡ. ಅವರಿಗೆ ವರ್ಗಾವಣೆ ಅರ್ಜಿಯ ಗೊಡವೆ ಇಲ್ಲ, ಒಂದು ಸೋಮವಾರ ಬರುವುದಿಲ್ಲ ಅಷ್ಟೇ. ಚಹಾಕ್ಕೆ ಕರೆಯುವಾಗ, ಸಭೆಯಲ್ಲಿ ಕುರ್ಚಿ ಹಾಕುವಾಗ ಅವರನ್ನು ಬೇರೆ ಮಾಡಬೇಡ. ಅವರ ಹಾಜರಾತಿ ಬಿ.ಇ.ಒ. ಕಚೇರಿಗೆ ತಡವಾಗಿ ಹೋದರೆ ಮೊದಲೇ ತಡವಾಗುವ ಗೌರವಧನ ಮತ್ತೂ ತಡವಾಗುತ್ತದೆ. ಈ ತಿಂಗಳದ್ದು ಕಳಿಸಿದ್ದೀಯೋ ಇಲ್ಲವೋ? ಇಲ್ಲದಿದ್ದರೆ ಈ ಪತ್ರ ಮಡಚಿಟ್ಟು ಮೊದಲು ಅದನ್ನು ಕಳಿಸು.

ನಿನ್ನ ಕಾಕಾ